ಬಾಡಿಗೆಗೆ ಕೊಡಲು ಮೊದಲ ಮನೆ: ಕೈಯಲ್ಲಿ 14 ಲಕ್ಷ ಇದೆ, ಧೈರ್ಯ ಇಲ್ಲ

ಹಬ್ಬುವಾಡದವ
ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲೇ ಕೆಲಸ, ವಯಸ್ಸು 34. ಹತ್ತು ವರ್ಷ ಕೂಡಿಟ್ಟ ದುಡ್ಡು 14 ಲಕ್ಷ ಇದೆ. ಕೋಡಿಬಾಗ ಕಡೆ ಒಂದು ಮನೆ ಮಾರಾಟಕ್ಕಿದೆ ಅಂತ ಏಜೆಂಟ್ ತೋರಿಸಿದರು. ಕೆಳಗೆ ಎರಡು ಬೆಡ್‌ರೂಮ್, ಮೇಲೆ ಒಂದು ಬೆಡ್‌ರೂಮಿನ ಚಿಕ್ಕ ಮನೆ. 42 ಲಕ್ಷ ಹೇಳುತ್ತಿದ್ದಾರೆ. ಕೆಳಗಿನದಕ್ಕೆ 9,000, ಮೇಲಿನದಕ್ಕೆ 6,000 ಬಾಡಿಗೆ ಬರುತ್ತದಂತೆ. "ಬಾಡಿಗೆಯಲ್ಲೇ ಸಾಲ ತೀರುತ್ತದೆ" ಅನ್ನುತ್ತಾರೆ. ನಾನು ಈವರೆಗೆ ಬಾಡಿಗೆ ಕಟ್ಟಿದವನೇ ಹೊರತು ವಸೂಲಿ ಮಾಡಿದವನಲ್ಲ. ಮುಂದೆ ಹೋಗಲೋ ಬೇಡವೋ? ಏನೇನು ನೋಡಬೇಕು?

ಲೆಕ್ಕದ ಮಾಸ್ತರ
ಏಜೆಂಟರ ಲೆಕ್ಕ ಬಿಡಿ, ನಮ್ಮ ಲೆಕ್ಕ ಹಾಕೋಣ.

ಮನೆ 42 ಲಕ್ಷ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಪಟ್ಟಣದಲ್ಲಿ 5.6% ಆಗುತ್ತದೆ. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ ಕೊನೆಯಿಂದ 2% ಆಗಿದೆ. ಒಟ್ಟು 7.6%, ಅಂದರೆ ಸುಮಾರು 3.2 ಲಕ್ಷ. ಇದಕ್ಕೆ ಬ್ಯಾಂಕ್ ಸಾಲ ಸಿಗುತ್ತದೆ ಅಂತ ನಂಬಿ ಕೂರಬೇಡಿ, ಕೈಯಿಂದಲೇ ಹೋಗುವ ದುಡ್ಡು. 30 ಲಕ್ಷಕ್ಕಿಂತ ಮೇಲಿನ ಸಾಲಕ್ಕೆ ಬ್ಯಾಂಕಿನವರು ಮನೆ ಬೆಲೆಯ 80% ದಾಟುವುದಿಲ್ಲ. ಅದೂ ಅವರ ಇಂಜಿನಿಯರ್ ಹಾಕಿದ ಬೆಲೆಗೆ, ನಿಮ್ಮ ಏಜೆಂಟ್ ಹೇಳಿದ ಬೆಲೆಗಲ್ಲ.

33 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ ಅಂತ ಹಿಡಿಯಿರಿ. ಕಂತು ತಿಂಗಳಿಗೆ ಸುಮಾರು 28,600. ಬರುವ ಬಾಡಿಗೆ 15,000. ಎಲ್ಲಿಂದ ತೀರುತ್ತದೆ?

ಆ 15,000 ಕೂಡ ಪೂರ್ತಿ ಕೈಗೆ ಬರುವುದಿಲ್ಲ. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಹಿಡಿದರೆ 1,65,000. ಮನೆ ತೆರಿಗೆ, ರಿಪೇರಿ, ಬಣ್ಣ, ಪಂಪ್, ಏಜೆಂಟ್ ಕಮಿಷನ್ ಅಂತ 40,000 ತೆಗೆಯಿರಿ. ಉಳಿದದ್ದು 1,25,000. ಕಂತು ವರ್ಷಕ್ಕೆ 3,43,000. ಅಂದರೆ ತಿಂಗಳಿಗೆ 18,000 ನಿಮ್ಮ ಸಂಬಳದಿಂದ ಹೋಗಬೇಕು. ಹಾಕಿದ ದುಡ್ಡಿಗೆ ಬಾಡಿಗೆಯಿಂದ ಬರುವುದು ಮೂರಕ್ಕಿಂತ ಕಡಿಮೆ ಪರ್ಸೆಂಟ್. ಎಫ್‌ಡಿಯಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತದೆ.

ಜಾಗದ ಬೆಲೆ ಏರುತ್ತದೆ ಅಂತ ಹೇಳುವವರಿದ್ದಾರೆ. ಏರಬಹುದು. ಆದರೆ ಅದು ಮಾರಿದ ದಿನದ ದುಡ್ಡು, ಈ ತಿಂಗಳ ಕಂತಿಗೆ ಬರುವುದಿಲ್ಲ.

ಹಬ್ಬುವಾಡದವ
ಮಾಸ್ತರ್ರೇ, ಇದನ್ನು ನೋಡಿ ರಾತ್ರಿ ನಿದ್ದೆ ಬರಲಿಲ್ಲ. ತೆರಿಗೆಯಲ್ಲಾದರೂ ಉಳಿತಾಯ ಆಗುತ್ತದೆ ಅಂತಾರಲ್ಲ?

ಲೆಕ್ಕದ ಮಾಸ್ತರ
ಅದು ನೀವು ಯಾವ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತೀರಿ ಅನ್ನುವುದರ ಮೇಲಿದೆ. ಬಾಡಿಗೆಯಲ್ಲಿ ಮೊದಲು ನಗರಸಭೆಗೆ ಕಟ್ಟಿದ ಮನೆ ತೆರಿಗೆ ಕಳೆಯಬೇಕು. ಉಳಿದದ್ದರಲ್ಲಿ 30% ಸೀದಾ ಬಿಡುತ್ತಾರೆ, ರಿಪೇರಿ ಮಾಡಿಸಿದರೂ ಅಷ್ಟೇ, ಮಾಡಿಸದಿದ್ದರೂ ಅಷ್ಟೇ. ಆಮೇಲೆ ಸಾಲದ ಬಡ್ಡಿ ಕಳೆಯಬಹುದು. ನಿಮ್ಮ ಲೆಕ್ಕದಲ್ಲಿ ಬಡ್ಡಿಯೇ ಜಾಸ್ತಿ, ಹಾಗಾಗಿ ನಷ್ಟ ಕಾಣುತ್ತದೆ. ಹಳೆ ಪದ್ಧತಿಯಲ್ಲಿ ಆ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಸಂಬಳದ ಜೊತೆ ಕಳೆಯಲು ಬಿಡುವುದಿಲ್ಲ.

ಮನೆ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ. ಚಿಕ್ಕದು, ಆದರೆ ಬಿಡಬೇಡಿ.

ಕೋಡಿಬಾಗದ ಅಕ್ಕ
ತಮ್ಮಾ, ನಾನು ಹದಿನೈದು ವರ್ಷದಿಂದ ಮೂರು ಬಾಡಿಗೆ ಮನೆ ನೋಡಿಕೊಳ್ಳುತ್ತಿದ್ದೇನೆ. ಮಾಸ್ತರರ ಲೆಕ್ಕ ಸರಿ. ಆದರೆ ಮನೆ ಅನ್ನುವುದು ಲೆಕ್ಕದ ಪುಸ್ತಕದಲ್ಲಿ ಸೋರುವುದಿಲ್ಲ, ಮಳೆಯಲ್ಲಿ ಸೋರುತ್ತದೆ.

ಈಗ ಜೂನ್. ನಿನ್ನ ಅದೃಷ್ಟ. ಒಳ್ಳೆ ಮಳೆ ಬರುವ ದಿನ ಛತ್ರಿ ಹಿಡಿದು ಹೋಗಿ ಆ ಮನೆ ನೋಡು. ಜನವರಿಯಲ್ಲಿ ಎಲ್ಲ ಮನೆಯೂ ಚೆಂದ, ಹೊಸ ಬಣ್ಣ ಬಳಿದಿರುತ್ತಾರೆ. ಮಳೆಯಲ್ಲಿ ಕಿಟಕಿಯ ಮೂಲೆ, ಬಾತ್‌ರೂಮಿನ ಹಿಂದಿನ ಗೋಡೆ, ಮೆಟ್ಟಿಲ ಕೆಳಗೆ ನೋಡು. ಕಪಾಟು ತೆಗೆದು ಮೂಸು. ಬೂಷ್ಟಿನ ವಾಸನೆ ಬಂದರೆ ಗೋಡೆ ನೀರು ಕುಡಿಯುತ್ತಿದೆ ಅಂತ ಅರ್ಥ.

ಒಂದು ಸುತ್ತಿಗೆ ತಗೊಂಡು ಹೋಗು. ಸ್ಲ್ಯಾಬಿನ ಕೆಳಗೆ, ಅದರಲ್ಲೂ ಬಾತ್‌ರೂಮ್ ಮತ್ತು ಸಜ್ಜೆಯ ಹತ್ತಿರ ಮೆಲ್ಲಗೆ ಕುಟ್ಟು. ಟಣ್ ಟಣ್ ಅಂದರೆ ಗಟ್ಟಿ. ಡಬ್ ಡಬ್ ಅಂದರೆ ಒಳಗೆ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟು ಬಿಟ್ಟಿದೆ. ಇಲ್ಲಿ ಸಮುದ್ರದ ಉಪ್ಪುಗಾಳಿ. ಗ್ರಿಲ್ಲು, ಗೇಟು, ಬಾಗಿಲ ಕೊಂಡಿ ಯಾವುದನ್ನೂ ಬಿಡುವುದಿಲ್ಲ. ಹನ್ನೆರಡು ವರ್ಷದ ಮನೆ ಅಂದರೆ ನಮ್ಮ ಕಡೆ ಅದು ಎಳೆ ಮನೆಯಲ್ಲ.

ನೀರು ಕೇಳು. ಬಾವಿ ಇದ್ದರೆ ಏಪ್ರಿಲ್, ಮೇಯಲ್ಲಿ ನೀರು ಉಪ್ಪಾಗುತ್ತದೋ ಅಂತ ಪಕ್ಕದ ಮನೆಯವರನ್ನು ಕೇಳು, ಮಾರುವವರನ್ನಲ್ಲ.

ಇನ್ನು ನನ್ನ ಕಥೆ. ಮೊದಲ ಮನೆ ಬಾಡಿಗೆಗೆ ಕೊಟ್ಟಾಗ ಒಬ್ಬ ಕಂಟ್ರಾಕ್ಟರ್ ಬಂದ. ಹತ್ತು ಸಾವಿರ ಕೊಡುತ್ತೇನೆ ಅಂದ, ಆಗ ಆ ಮನೆಗೆ ಆರೂವರೆ ಸಾವಿರವೇ ಜಾಸ್ತಿ. ಆಸೆಗೆ ಬಿದ್ದೆ. ನಾಲ್ಕು ಜನ ಅಂತ ಹೇಳಿ ಹನ್ನೊಂದು ಜನ ಇಟ್ಟ. ಜುಲೈ ಬಂತು. ನಮ್ಮದು ಮರಳು ಜಾಗ, ಮಳೆಗಾಲದಲ್ಲಿ ಎರಡಡಿ ಅಗೆದರೆ ನೀರು. ಸೆಪ್ಟಿಕ್ ಗುಂಡಿಯ ನೀರು ಇಂಗಲಿಕ್ಕೆ ಜಾಗವೇ ಇಲ್ಲ. ಒಂದು ಬೆಳಿಗ್ಗೆ ಸಂಡಾಸಿನಿಂದ ಗುಳುಗುಳು ಶಬ್ದ, ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ. ಪಕ್ಕದ ಮನೆಯವರ ಬಾವಿ ಹತ್ತಡಿ ದೂರ. ಮಳೆಯಲ್ಲಿ ಗುಂಡಿ ಖಾಲಿ ಮಾಡುವ ಗಾಡಿಯವರು ಬರಲು ಮೂರು ದಿನ. ಪಕ್ಕದ ಮನೆಯವಳು ನನ್ನ ಹತ್ತಿರ ಇವತ್ತಿಗೂ ನೆಟ್ಟಗೆ ಮಾತಾಡುವುದಿಲ್ಲ. ಆ ಕಂಟ್ರಾಕ್ಟರ್ ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟು ಹೋದ.

ಅಂದಿನಿಂದ ಎಷ್ಟು ಜನ ಇರುತ್ತಾರೆ ಅಂತ ಕರಾರಿನಲ್ಲಿ ಬರೆಸುತ್ತೇನೆ. ಜಾಸ್ತಿ ಬಾಡಿಗೆ ಕೊಡುತ್ತೇನೆ ಅಂತ ತಾವಾಗಿ ಬರುವವರಿಗೆ ಚಹಾ ಕೊಟ್ಟು ಕಳಿಸುತ್ತೇನೆ.

ದಾಖಲೆ ಪೆಟ್ಟಿಗೆ
ಅಕ್ಕ ಸುತ್ತಿಗೆ ಹಿಡಿದು ಹೋಗು ಅಂದರು. ನಾನು ಹೇಳುವುದು, ಸುತ್ತಿಗೆಗಿಂತ ಮೊದಲು ಕಾಗದ. ನಮ್ಮ ಜಿಲ್ಲೆಯಲ್ಲಿ ಇದು ಬೇರೆಲ್ಲಕ್ಕಿಂತ ಮುಖ್ಯ.

ಉತ್ತರ ಕನ್ನಡದಲ್ಲಿ ಬಹಳ ಭಾಗ ಕಾಡು. ಅತಿಕ್ರಮಣ ಜಾಗದಲ್ಲಿ ಕಟ್ಟಿದ ಮನೆಗಳು ಸಾವಿರಗಟ್ಟಲೆ. ಅಂಥ ಮನೆಗೆ ಮನೆ ನಂಬರ್ ಇರುತ್ತದೆ, ಹೆಸ್ಕಾಂ ಕರೆಂಟ್ ಮೀಟರ್ ಇರುತ್ತದೆ, ತೆರಿಗೆ ರಸೀದಿಯೂ ಇರುತ್ತದೆ. ಹೊಸಬರು ಈ ಮೂರನ್ನೂ ನೋಡಿ ದಾಖಲೆ ಸರಿ ಇದೆ ಅಂದುಕೊಳ್ಳುತ್ತಾರೆ. ಇವು ಯಾವುದೂ ಜಾಗದ ಮಾಲೀಕತ್ವ ಅಲ್ಲ. "ಅರಣ್ಯ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ, ಪಟ್ಟಾ ಬರುತ್ತದೆ" ಅಂತ ಹೇಳಿ ಮಾರುವವರಿದ್ದಾರೆ. 2006ರ ಆ ಕಾಯ್ದೆಯಲ್ಲಿ ಹಕ್ಕು ಸಿಕ್ಕರೂ ಅದು ವಾರಸುದಾರರಿಗೆ ಹೋಗುತ್ತದೆಯೇ ಹೊರತು ಮಾರಲು ಬರುವುದಿಲ್ಲ. ನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಬರೆದುಕೊಟ್ಟದ್ದಕ್ಕೆ ಲಕ್ಷಗಟ್ಟಲೆ ಕೊಟ್ಟವರನ್ನು ನಾನು ನೋಡಿದ್ದೇನೆ.

ಘಟ್ಟದ ಮೇಲೆ ಇನ್ನೊಂದು. ಅಡಿಕೆ ತೋಟಕ್ಕೆ ಬಿಟ್ಟ ಸೊಪ್ಪಿನ ಬೆಟ್ಟ. ಅಲ್ಲಿ ತೋಟದವರಿಗೆ ಸೊಪ್ಪು, ದರಕು (ಒಣ ಎಲೆ) ತರುವ ಸೌಲಭ್ಯ ಇದೆ ಅಷ್ಟೇ, ಜಾಗ ಅವರದಲ್ಲ. ಬೆಟ್ಟದಲ್ಲಿ ಕಟ್ಟಿದ ಮನೆ ಅಂತ ಗೊತ್ತಾದರೆ ದೂರ ಇರಿ.

ನಗರಸಭೆ ಹದ್ದಿನಲ್ಲಿ ಇ-ಖಾತಾ ಕೇಳಿ. ಪಂಚಾಯತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಅಲ್ಲಿ 11ಎ ಇದೆಯೋ 11ಬಿ ಇದೆಯೋ ಕಣ್ಣಿಟ್ಟು ನೋಡಿ, 11ಬಿ ಅಂದರೆ ಏನೋ ಕೊಕ್ಕೆ ಇದೆ ಅಂತಲೇ. ಎನ್‌ಎ ಆದೇಶ, ಅಂದರೆ ಕೃಷಿ ಜಾಗವನ್ನು ಕೃಷಿಯೇತರ ಮಾಡಿದ ಆದೇಶ, ಬೇಕು. ಋಣಭಾರ ಪತ್ರ, ಅದೇ ಇಸಿ, ಕಾವೇರಿ ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಕನಿಷ್ಠ 30 ವರ್ಷದ್ದು ನೋಡಿ.

ವಾಟ್ನಿ, ಅಂದರೆ ಮನೆಯವರೊಳಗೆ ಪಾಲು, ಆಗಿದೆಯೋ ಕೇಳಿ. ತಂದೆಯಿಂದ ಬಂದ ಮನೆಯಾದರೆ ಅಕ್ಕತಂಗಿಯರ ಸಹಿ ಬೇಕೇ ಬೇಕು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಿಂದ ಗಂಡುಮಕ್ಕಳಷ್ಟೇ ಪಾಲು. "ಅವಳು ಮುಂಬೈಯಲ್ಲಿದ್ದಾಳೆ, ಏನೂ ಕೇಳುವುದಿಲ್ಲ" ಅನ್ನುತ್ತಾರೆ. ಕೇಳದವಳು ಮಾರಾಟ ಆದ ಮಾರನೇ ವರ್ಷ ನೋಟಿಸು ಕಳಿಸುತ್ತಾಳೆ.

ಕೋಡಿಬಾಗ ಅಂದಿರಲ್ಲ, ಒಂದು ಕಡೆ ಸಮುದ್ರ, ಒಂದು ಕಡೆ ಕಾಳಿ ನದಿ. ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಪಟ್ಟಿಯಲ್ಲಿ ಬರುತ್ತದೋ ನೋಡಿಸಿ. ಸಮುದ್ರದ ಭರತದ (ಉಬ್ಬರದ) ಗೆರೆಯಿಂದ 500 ಮೀಟರ್‌ವರೆಗೆ ಆ ನಿಯಮ ಇದೆ. ಇದ್ದ ಮನೆಯಲ್ಲಿ ಬಾಡಿಗೆಗೆ ಇರಿಸಲು ತೊಂದರೆ ಇಲ್ಲ. ಮುಂದೆ ಇನ್ನೊಂದು ಮಹಡಿ ಎಬ್ಬಿಸುತ್ತೇನೆ ಅಂತ ಹೊರಟಾಗ ಅದು ಅಡ್ಡ ಬರುತ್ತದೆ.

ಗೋಕರ್ಣ ರೋಡು
ಇಷ್ಟೆಲ್ಲ ತಲೆಬಿಸಿ ಬೇಡ ಮಾರಾಯ. ಗೋಕರ್ಣದ ಕಡೆ ಜಾಗ ಹಿಡಿದು ಹೋಮ್‌ಸ್ಟೇ ಮಾಡು. ಒಂದು ರಾತ್ರಿಗೆ ಬರುವುದು ಅಲ್ಲಿ ವಾರದ ಬಾಡಿಗೆ.

ಕೋಡಿಬಾಗದ ಅಕ್ಕ
ಜುಲೈಯಲ್ಲಿ ಎಷ್ಟು ರಾತ್ರಿ ಬರುತ್ತದೆ, ಅದನ್ನೂ ಹೇಳಿ.

ಗೋಕರ್ಣ ರೋಡು
ಅಕ್ಕ ಹಿಡಿದುಬಿಟ್ಟರು 😄 ನಿಜ ಹೇಳುತ್ತೇನೆ. ಅಕ್ಟೋಬರ್‌ನಿಂದ ಫೆಬ್ರವರಿ ಕೊನೆವರೆಗೆ ಜೋರು, ಅದೂ ಶನಿವಾರ, ಭಾನುವಾರ. ಮೇ ರಜೆಯಲ್ಲಿ ಸ್ವಲ್ಪ. ಮಳೆಗಾಲದಲ್ಲಿ ನೊಣ ಹೊಡೆಯುವುದು. ಹಾಸಿಗೆ ಬಟ್ಟೆ ತೊಳೆಯಲು, ಅಡುಗೆಗೆ ಜನ ಬೇಕು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ವಿದೇಶಿಯರು ಉಳಿದರೆ 24 ತಾಸಿನೊಳಗೆ ಅವರ ಮಾಹಿತಿ ಕೊಡುವ ಸಿ ಫಾರ್ಮ್ ತುಂಬಬೇಕು, ತಪ್ಪಿದರೆ ಪೊಲೀಸರಿಗೆ ಉತ್ತರ ಕೊಡಬೇಕು. ಅದು ಹೋಟೆಲ್ ಕೆಲಸವೇ ಸೈ. ನೌಕರಿಯಲ್ಲಿ ಇದ್ದುಕೊಂಡು ಆಗುವುದಿಲ್ಲ. ಹಬ್ಬುವಾಡದವರೇ, ನನ್ನ ಮಾತು ವಾಪಸ್.

ವರ್ಗಾವಣೆ ಗಿರಾಕಿ
ನಾನು ಬಾಡಿಗೆದಾರಳು. ಬ್ಯಾಂಕ್ ನೌಕರಿ, ಒಂಬತ್ತು ವರ್ಷದಲ್ಲಿ ನಾಲ್ಕು ಊರು: ಅಂಕೋಲಾ, ಶಿರಸಿ, ಹೊನ್ನಾವರ, ಈಗ ಕಾರವಾರ. ನಮ್ಮ ಮಾತನ್ನೂ ಯಾರಾದರೂ ಕೇಳಲಿ.

ಮಾಲೀಕರು ಗ್ರಾನೈಟ್, ಫಾಲ್ಸ್ ಸೀಲಿಂಗ್ ಅಂತ ತೋರಿಸುತ್ತಾರೆ. ನಾನು ಮೊದಲು ಕೇಳುವುದು ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುವುದು? ನಾಲ್ಕು ತಿಂಗಳು ಬೆಡ್‌ರೂಮಿನಲ್ಲಿ ಹಗ್ಗ ಕಟ್ಟಿ ಬದುಕಿದವರಿಗೆ ಗೊತ್ತು. ತಾರಸಿ ಮೇಲೆ ಶೀಟು ಹಾಕಿಸಿದ ಮನೆಗೆ ಐನೂರು ಜಾಸ್ತಿ ಕೊಟ್ಟೇನು. ಸ್ಕೂಟರ್ ನಿಲ್ಲಿಸಲು ಮಾಡು, ಅಂದರೆ ಸೂರು, ಬೇಕು. ನನ್ನದೇ ಮೀಟರ್ ಬೇಕು. ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ, ಮೀಟರ್ ಬೇರೆ ಇದ್ದರೆ. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಪ್ರತಿ ತಿಂಗಳೂ ಜಗಳ.

ಇನ್ನೊಂದು. ಹೊನ್ನಾವರದಲ್ಲಿ ನಮ್ಮ ಮಾಲೀಕರು ಇನ್ನೊಂದು ಕೀಲಿ ಇಟ್ಟುಕೊಂಡಿದ್ದರು, ನಾನು ಇಲ್ಲದಾಗ "ಗಿಡಕ್ಕೆ ನೀರು ಹಾಕಲು" ಬಂದು ಹೋಗುತ್ತಿದ್ದರು. ಆರು ತಿಂಗಳಿಗೆ ಬಿಟ್ಟೆ. ಮನೆ ನಿಮ್ಮದೇ, ಆದರೆ ಕರಾರು ಇರುವಷ್ಟು ದಿನ ಬಾಗಿಲು ನಮ್ಮದು. ಫೋನ್ ಮಾಡಿ ಬನ್ನಿ.

ಮತ್ತೆ "ಮೀನು ತಿನ್ನುವವರಿಗೆ ಕೊಡುವುದಿಲ್ಲ" ಅನ್ನುವ ಬೋರ್ಡು. ಕಾರವಾರದಲ್ಲಿ ಹಾಗಂದರೆ ಇನ್ಯಾರಿಗೆ ಕೊಡುತ್ತೀರಿ, ದೇವರಿಗಾ?

ಕೋಡಿಬಾಗದ ಅಕ್ಕ
ನಮ್ಮ ಮನೆಗೆ ಬನ್ನಿ, ಬಂಗಡೆ ನಾನೇ ಕೊಡುತ್ತೇನೆ.

ಹಬ್ಬುವಾಡದವ
ಬಾಡಿಗೆಗೆ ಯಾರು ಬರುತ್ತಾರೆ ಅನ್ನುವುದೂ ನನಗೆ ಸರಿಯಾಗಿ ಗೊತ್ತಿಲ್ಲ. ನೌಕಾನೆಲೆ ಇದೆ, ಕೈಗಾ ಅಣುಸ್ಥಾವರ ಇದೆ, ಬೇಡಿಕೆ ಇದ್ದೇ ಇರುತ್ತದೆ ಅಂತ ಏಜೆಂಟ್ ಅಂದಿದ್ದು.

ಕೋಡಿಬಾಗದ ಅಕ್ಕ
ಎಲ್ಲ ಏಜೆಂಟರೂ ಅದನ್ನೇ ಹೇಳುತ್ತಾರೆ. ಕೈಗಾದವರಿಗೆ ಮಲ್ಲಾಪುರದಲ್ಲಿ ಟೌನ್‌ಶಿಪ್ ಇದೆ. ನೌಕಾನೆಲೆಯವರಿಗೆ ಅವರದೇ ವಸತಿ ಇದೆ. ಕ್ವಾರ್ಟರ್ಸ್ ಸಿಗುವವರೆಗೆ ಹೊರಗಿರುವವರು, ಕಾಂಟ್ರ್ಯಾಕ್ಟ್ ಕೆಲಸದವರು ನಮಗೆ ಸಿಗುತ್ತಾರೆ. ನನ್ನ ಮನೆಯಲ್ಲಿ ಬಹಳ ದಿನ ಇದ್ದವರು ಮೆಡಿಕಲ್ ಕಾಲೇಜ್ ಆಸ್ಪತ್ರೆಯ ನರ್ಸ್‌ಗಳು, ಕೋರ್ಟು ಕಚೇರಿ ಸಿಬ್ಬಂದಿ, ಶಾಲೆ ಟೀಚರುಗಳು. ಜಿಲ್ಲಾ ಕೇಂದ್ರ ಅಲ್ವಾ, ವರ್ಗವಾಗಿ ಬರುವವರಿಗೆ ಕೊನೆಯಿಲ್ಲ. ಇವರು ಮೇ, ಜೂನ್‌ನಲ್ಲಿ ಮನೆ ಹುಡುಕುತ್ತಾರೆ. ಆಗಸ್ಟ್‌ನಲ್ಲಿ ಖಾಲಿಯಾದರೆ ಕೆಲವು ಸಲ ದೀಪಾವಳಿವರೆಗೂ ಖಾಲಿ. ಹಾಗಾಗಿ ಕರಾರು ಏಪ್ರಿಲ್, ಮೇಯಲ್ಲಿ ಮುಗಿಯುವ ಹಾಗೆ ಹೊಂದಿಸಿಕೊಳ್ಳುತ್ತೇನೆ.

ಭಟ್ಕಳದ ದೋಸ್ತ
ಮಧ್ಯೆ ಒಂದು ಪ್ರಶ್ನೆ. ನಾನು ದುಬೈಯಲ್ಲಿ. ಊರಿನ ಮನೆ ಬಾಡಿಗೆಗೆ ಕೊಟ್ಟರೆ ತೆರಿಗೆ ಹೇಗೆ?

ಲೆಕ್ಕದ ಮಾಸ್ತರ
ಮಾಲೀಕರು ಅನಿವಾಸಿ ಆಗಿದ್ದರೆ ಬಾಡಿಗೆದಾರರೇ ಬಾಡಿಗೆಯಲ್ಲಿ ಟಿಡಿಎಸ್, ಅಂದರೆ ಮೊದಲೇ ಮುರಿಯುವ ತೆರಿಗೆ, ಹಿಡಿದು ಕಟ್ಟಬೇಕು, 30% ಮತ್ತು ಸೆಸ್. ಬಾಡಿಗೆ ಎಷ್ಟೇ ಚಿಕ್ಕದಿರಲಿ. ನಿಮ್ಮ ತೆರಿಗೆ ಅಷ್ಟು ಬರದಿದ್ದರೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಿ. ಬಹಳ ಬಾಡಿಗೆದಾರರಿಗೆ ಇದು ಗೊತ್ತೇ ಇರುವುದಿಲ್ಲ, ನೀವೇ ಮೊದಲು ಹೇಳಿಬಿಡಿ.

ಶಿರಸಿ ಭಾವ
ತಡವಾಗಿ ಬಂದೆ, ಅಡಿಕೆ ಕೊಳೆ ರೋಗಕ್ಕೆ ಮದ್ದು ಹೊಡೆಸುವ ಗಡಿಬಿಡಿ.

ಹಬ್ಬುವಾಡದವರೇ, ಹಿಂದೆ ಬೇರೆ ಯಾವುದೋ ಚರ್ಚೆಯಲ್ಲಿ ನಿಮ್ಮ ಅಮ್ಮನ ತವರಿನ ಮನೆ ಶಿರಸಿಯಲ್ಲಿ ಬೀಗ ಹಾಕಿ ಬಿದ್ದಿದೆ ಅಂತ ಬರೆದಿದ್ದಿರಿ. ಅದು ಏನಾಯಿತು?

ಹಬ್ಬುವಾಡದವ
ಹಾಗೇ ಇದೆ ಭಾವ. ಯಲ್ಲಾಪುರ ನಾಕಾದಿಂದ ಒಳಗೆ. ಹೆಂಚಿನ ಮನೆ, ಮೂರು ಕೋಣೆ, ಬಾವಿ. ಅಜ್ಜಿ ಹೋದ ಮೇಲೆ ನಾಲ್ಕು ವರ್ಷ ಆಯಿತು. ಅಮ್ಮ ಮತ್ತು ಮಾವ ಇಬ್ಬರದೂ ಹೆಸರಿದೆ. ಮಾವ ಹುಬ್ಬಳ್ಳಿಯಲ್ಲಿ. ಯಾಕೆ?

ಶಿರಸಿ ಭಾವ
ಯಾಕೆ ಅಂದರೆ, ಈಜು ಕಲಿಯಲಿಕ್ಕೆ ಸೀದಾ ಕಾಳಿ ನದಿಗೆ ಯಾಕೆ ಹಾರುತ್ತೀರಿ? ಮನೆಯ ಕೆರೆ ಇದೆಯಲ್ಲ.

33 ಲಕ್ಷ ಸಾಲ ಮಾಡಿ ಮನೆ ಬಾಡಿಗೆಗೆ ಕೊಡುವುದು ಕಲಿಯುವ ಬದಲು ಆ ಮನೆಗೆ ಎರಡು ಲಕ್ಷ ಹಾಕಿ ಕಲಿಯಿರಿ. ಶಿರಸಿಯಲ್ಲಿ ಫಾರೆಸ್ಟ್ರಿ ಕಾಲೇಜಿದೆ, ಆಸ್ಪತ್ರೆಗಳಿವೆ, ಸೊಸೈಟಿ ಬ್ಯಾಂಕು ಹತ್ತಾರಿವೆ. ಆರು ಸಾವಿರ ಬಂದರೂ ಹಾಕಿದ ದುಡ್ಡಿಗೆ ಮೂರು ವರ್ಷದೊಳಗೆ ಲೆಕ್ಕ ಸರಿ. ಬೀಗ ಹಾಕಿದ ಹೆಂಚಿನ ಮನೆ ನಮ್ಮ ಮಳೆಯಲ್ಲಿ ಹತ್ತು ವರ್ಷ ನಿಲ್ಲುವುದಿಲ್ಲ. ಒಂದು ಹೆಂಚು ಜರುಗಿದರೆ ಸಾಕು, ಹೆಂಚಿನ ಕೆಳಗಿನ ರೀಪು ಕೊಳೆತು, ಮಾಡು ಹೊರುವ ಪಕಾಸಿಗೆ ಒರಲೆ, ಅಂದರೆ ಗೆದ್ದಲು, ಹತ್ತುತ್ತದೆ. ಒಲೆಯ ಹೊಗೆ ಇರುವ ಮನೆಗೆ ಒರಲೆ ಬರುವುದು ಕಡಿಮೆ ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಜನ ಇದ್ದರೆ ಮನೆ ಬದುಕುತ್ತದೆ.

ಆದರೆ ಮಾವನ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ರಿಪೇರಿ ಖರ್ಚು ಯಾರದು, ಬಾಡಿಗೆ ಹೇಗೆ ಹಂಚುವುದು, ನಾಳೆ ಮಾರಿದರೆ ನೀವು ಹಾಕಿದ ದುಡ್ಡು ಮೊದಲು ಬಿಡಿಸಿಕೊಳ್ಳುವುದೋ ಇಲ್ಲವೋ. ಬಾಯಿಮಾತಲ್ಲಿ ಬಿಟ್ಟರೆ ಮುಂದಿನ ಜಾತ್ರೆಗೆ ಊಟಕ್ಕೆ ಒಟ್ಟಿಗೆ ಕೂರಲಾಗದು. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಿಟ್ಟಿಗೆ ಅಷ್ಟು ಆಯುಷ್ಯ ಬೇಡ.

ದಾಖಲೆ ಪೆಟ್ಟಿಗೆ
ಭಾವ ಹೇಳಿದ್ದು ಸರಿ. ಕರಾರಿನ ಬಗ್ಗೆ ನಾಲ್ಕು ಮಾತು. ಎಲ್ಲರೂ 11 ತಿಂಗಳ ಕರಾರು ಮಾಡುವುದು ಯಾಕೆ ಅಂದರೆ, ವರ್ಷ ದಾಟುವ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಕಡ್ಡಾಯ ನೋಂದಣಿ ಮಾಡಿಸಬೇಕು. 11 ತಿಂಗಳು ಅಂತ ಅಸಡ್ಡೆ ಬೇಡ, ಇ-ಸ್ಟಾಂಪ್ ಪೇಪರಿನಲ್ಲೇ ಮಾಡಿಸಿ. ಎಷ್ಟು ಜನ, ಯಾವ ತಾರೀಖಿಗೆ ಬಾಡಿಗೆ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಬಣ್ಣದ ಖರ್ಚು ಯಾರದು, ನೀರಿನ ಬಿಲ್ ಯಾರದು. ಪ್ರತಿ ಸಲ ಹೊಸ ಕರಾರು ಮಾಡಿ, ಹಳೆಯದನ್ನೇ ಎಳೆಯಬೇಡಿ. ಆಧಾರ್ ಪ್ರತಿ ತಗೊಂಡು ಠಾಣೆಗೆ ಮಾಹಿತಿ ಕೊಡಿ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಇದರಲ್ಲಿ ಸದರ ಬೇಡವೇ ಬೇಡ. ಕೊಡುವ ದಿನ ಗೋಡೆ, ನಲ್ಲಿ, ಸ್ವಿಚ್ಚು, ಫ್ಯಾನು ಎಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿ ಅವರಿಗೂ ಕಳಿಸಿ.

ಲೀಸಿಗೆ ಅಂದರೆ ಭೋಗ್ಯಕ್ಕೆ ಕೊಡುವ ಆಸೆ ಬಂದರೆ ಒಂದೇ ನೆನಪಿಡಿ, ತಿಂಗಳ ಬಾಡಿಗೆ ಬದಲು ಅವರು ಒಟ್ಟಿಗೆ ಕೊಡುವ ದುಡ್ಡು ನಿಮ್ಮದಲ್ಲ, ಸಾಲ. ಅವರು ಬಿಡುವ ದಿನ ಪೂರ್ತಿ ವಾಪಸ್ ಕೊಡಬೇಕು.

ವರ್ಗಾವಣೆ ಗಿರಾಕಿ
ಡಿಪಾಸಿಟ್ಟೂ ಹಾಗೇ. ಅದನ್ನು ಖರ್ಚು ಮಾಡಿಕೊಂಡು "ಮುಂದಿನವರು ಬಂದ ಮೇಲೆ ಕೊಡುತ್ತೇನೆ" ಅನ್ನುವ ಮಾಲೀಕರು ಎಷ್ಟು ಜನ!

ಕೋಡಿಬಾಗದ ಅಕ್ಕ
ನಾನು ಮೂರು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್ ತಗೊಂಡು ಬೇರೆ ಖಾತೆಯಲ್ಲಿ ಇಡುತ್ತೇನೆ. ಮುಟ್ಟುವುದಿಲ್ಲ.

ಜಾಗದ ಬಗ್ಗೆ ಒಂದು ಬಿಟ್ಟುಹೋಯಿತು ತಮ್ಮಾ. ಅಗ್ಗಕ್ಕೆ ಸಿಗುತ್ತದೆ ಅಂತ ಗುಡ್ಡ ಕಡಿದು ಮಾಡಿದ ಜಾಗದ ಕೆಳಗೆ ಮನೆ ತಗೊಳ್ಳಬೇಡ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ. ಕದ್ರಾ ಕೆಳಗಿನ ಹೊಳೆಬದಿಯೂ ಹಾಗೇ, 2019ರಲ್ಲಿ ಅಣೆಕಟ್ಟಿನ ನೀರು ಬಿಟ್ಟಾಗ ಮನೆಯೊಳಗೆ ನೀರು ಬಂದವರನ್ನು ಕೇಳು. ಸದಾಶಿವಗಡದಲ್ಲಿ ಬಾಡಿಗೆ ಕಡಿಮೆ, ಮನೆ ಬೆಲೆಯೂ ಕಡಿಮೆ. ಆದರೆ 2024ರ ಆಗಸ್ಟ್‌ನಲ್ಲಿ ಕಾಳಿ ಹಳೆ ಸೇತುವೆ ಬಿದ್ದ ಮೇಲೆ ಹೊಳೆ ಆಚೆ ಮನೆ ಬೇಡ ಅನ್ನುವವರು ನನಗೇ ಇಬ್ಬರು ಸಿಕ್ಕಿದ್ದಾರೆ. ಅಲ್ಲಿದ್ದು ಗೋವಾಕ್ಕೆ ಕೆಲಸಕ್ಕೆ ಹೋಗುವವರಿಗೆ ಅದು ಲೆಕ್ಕಕ್ಕಿಲ್ಲ. ಯಾರಿಗೆ ಕೊಡುತ್ತೀಯೋ ಅವರು ಬೆಳಿಗ್ಗೆ ಯಾವ ಕಡೆ ಹೋಗುತ್ತಾರೆ ಅಂತ ನೋಡು.

ಹಬ್ಬುವಾಡದವ
ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಮೊನ್ನೆ ರೆಡ್ ಅಲರ್ಟ್ ಇದ್ದ ದಿನ ಅಕ್ಕ ಹೇಳಿದ ಹಾಗೆ ಛತ್ರಿ, ಸುತ್ತಿಗೆ ಹಿಡಿದು ಕೋಡಿಬಾಗದ ಮನೆಗೆ ಹೋದೆ. ಏಜೆಂಟ್ ನಕ್ಕರು. ಕೆಳಗಿನ ಬಾತ್‌ರೂಮಿನ ಸ್ಲ್ಯಾಬ್ ಕುಟ್ಟಿದೆ. ಡಬ್ ಡಬ್. ಇನ್ನೊಂದು ಸಲ ಕುಟ್ಟಿದ್ದಕ್ಕೆ ಅಂಗೈ ಅಗಲದ ಹಳ್ಳೆ ಬಿದ್ದು ಒಳಗಿನ ಸರಳು ಕಂಡಿತು, ಕೆಂಪಗೆ, ಕೈಗೆ ಪುಡಿಪುಡಿ. ಏಜೆಂಟ್ ನಗಲಿಲ್ಲ.

ಕಾಗದದ್ದೂ ಕೇಳಿದೆ. ಇಸಿ ಸರಿ ಇದೆ. ಆದರೆ ಮಾಲೀಕರಿಗೆ ಇಬ್ಬರು ತಂಗಿಯರು, ಒಬ್ಬರ ಸಹಿ ಆಗಿಲ್ಲ. "ಪುಣೆಯಲ್ಲಿದ್ದಾಳೆ, ಏನೂ ಕೇಳುವುದಿಲ್ಲ" ಅಂದರು. ದಾಖಲೆ ಪೆಟ್ಟಿಗೆಯವರೇ, ಆ ಮಾತು ಕೇಳಿ ನನಗೆ ನಗು ತಡೆಯಲಿಲ್ಲ. ಮುಂಬೈ ಹೋಗಿ ಪುಣೆ ಆಗಿತ್ತು ಅಷ್ಟೇ.

ಅಲ್ಲಿಗೆ ಬಿಟ್ಟೆ. ಹೋದ ಭಾನುವಾರ ಅಮ್ಮನನ್ನು ಕರಕೊಂಡು ಶಿರಸಿಗೆ ಹೋಗಿದ್ದೆ. ಮಾವನೂ ಬಂದಿದ್ದರು. ನಾಲ್ಕು ವರ್ಷದ ಮೇಲೆ ಅಮ್ಮ ಆ ಬಾಗಿಲು ತೆಗೆದದ್ದು. ಅಡುಗೆಮನೆ ಮೂಲೆಯಲ್ಲಿ ಸೋರುತ್ತಿದೆ, ಎರಡು ಪಕಾಸು ಹೋಗಿದೆ, ವೈರಿಂಗ್ ಪೂರ್ತಿ ಬದಲಿಸಬೇಕು. ಬಾವಿ ನೀರು ಚೆನ್ನಾಗಿದೆ. ಮಾವ ಬರಹದಲ್ಲಿ ಒಪ್ಪಿದರು, ಖರ್ಚು ನನ್ನದು, ಅದು ತೀರುವವರೆಗೆ ಬಾಡಿಗೆ ನನಗೆ, ಆಮೇಲೆ ಅಮ್ಮನಿಗೂ ಅವರಿಗೂ ಅರ್ಧರ್ಧ. ಅಜ್ಜಿಯ ಒರಳುಕಲ್ಲು ಮಾತ್ರ ಅಲ್ಲೇ ಇರಬೇಕಂತೆ, ಕರಾರಿನಲ್ಲಿ ಬರೆಸು ಅಂತ ಅಮ್ಮ ಹಟ.

ಭಾವ, ಶಿರಸಿಯಲ್ಲಿ ಹೆಂಚಿನ ಕೆಲಸಕ್ಕೆ ಒಳ್ಳೆ ಬಡಗಿ ಯಾರಾದರೂ ಇದ್ದಾರಾ? ಬಾಡಿಗೆಗೆ ತಯಾರಾಗಲು ಎಷ್ಟು ದಿನ ಹಿಡಿದೀತು?

ಶಿರಸಿ ಭಾವ
ಇದ್ದಾರೆ, ನಂಬರ್ ಬೇರೆಯಾಗಿ ಕಳಿಸುತ್ತೇನೆ. ಆದರೆ ಈ ಮಳೆಯಲ್ಲಿ ಮಾಡು ಬಿಚ್ಚುವವರು ಯಾರೂ ಸಿಗುವುದಿಲ್ಲ, ಬಿಚ್ಚಿಸಲೂ ಬೇಡಿ. ಸದ್ಯಕ್ಕೆ ಸೋರುವ ಕಡೆ ತಾಡಪತ್ರಿ ಹೊದಿಸಿ ಕಲ್ಲು ಹೇರಿ. ಚೌತಿ ಕಳೆದು ಬಿಸಿಲು ಕಾಣಲಿ, ಆಗ ಶುರು ಮಾಡಿದರೆ ದೀಪಾವಳಿಗೆ ಮುಗಿದೀತು. ಹಳೆ ಹೆಂಚು ಎಸೆಯಬೇಡಿ, ಒಡೆಯದ್ದನ್ನು ತೊಳೆದು ಇಡಿ, ಈಗ ಆ ಅಳತೆಯದು ಹುಡುಕುವುದು ಕಷ್ಟ.

ವರ್ಗಾವಣೆ ಗಿರಾಕಿ
ಬಟ್ಟೆ ಒಣಗಿಸಲು ಜಾಗ ಮಾಡಿಸಿ ಮಾರಾಯ್ರೆ. ನನಗೆ ಮುಂದಿನ ವರ್ಷ ಮತ್ತೆ ಶಿರಸಿಗೆ ವರ್ಗ ಆದರೂ ಆಯಿತು.